ಏಳನೇ ಗಣಿಯ ಅಡ್ಡಗೆರೆ

ನಾನು ಬರೆದ ಒಂದು ಸಾಲು ಹನ್ನೊಂದು ದಿನ ಸುಮ್ಮನಿತ್ತು. ಹನ್ನೊಂದನೆಯ ದಿನ ಮಧ್ಯಾಹ್ನ ಅದು ಕೂಗಬೇಕಿತ್ತು. ಆಗಲೂ ಸುಮ್ಮನಿತ್ತು. ಆ ಹೊತ್ತಿಗೆ ಪರ್ಸಿಹಾಳದ ಏಳನೇ ಗಣಿಯಲ್ಲಿ ಚಂದಮ್ಮ ಎಂಬ ಹೆಂಗಸು ಕಲ್ಲಿನ ಅಂಚು ಕೆತ್ತುತ್ತಾ ಕೂತಿದ್ದಳು. ವಿಚಾರಣೆಯ ಕಾಗದಗಳಲ್ಲಿ ಇದನ್ನೆಲ್ಲ ತಾರೀಖು, ಗಂಟೆ, ನಿಮಿಷ ಹಾಕಿ ಬಹಳ ಶಿಸ್ತಾಗಿ ಬರೆದಿದ್ದಾರೆ. ಅವರು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತಿದ್ದೇನೆ.

ಕಲಬುರಗಿ ಸೀಮೆಯ ಬಿಸಿಲು ಮೊದಲಿನಿಂದಲೂ ಹೆಸರುವಾಸಿ. ಆದರೆ ನಮ್ಮಜ್ಜಿಯ ಕಾಲದ್ದು ಒಣ ಬಿಸಿಲು. ಬೆವರು ಬರುತ್ತಿತ್ತು, ಗಾಳಿಗೆ ಆರುತ್ತಿತ್ತು, ಆರಿದರೆ ಮೈ ತಂಪಾಗುತ್ತಿತ್ತು. ನಾನು ದೊಡ್ಡವಳಾಗುವಷ್ಟರಲ್ಲಿ ಸಮುದ್ರ ಕಾದು, ಅದರ ಆವಿ ಇಲ್ಲಿಯವರೆಗೂ ಬಂದು ನಿಲ್ಲತೊಡಗಿತು. ಗಾಳಿಯೇ ಒದ್ದೆಯಾಗಿದ್ದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ನೆರಳಲ್ಲಿ ಕೂತವನೂ ಒಳಗಿನಿಂದ ಬೇಯುತ್ತಾನೆ. ಅದನ್ನು ಅಳೆಯಲು ತಾಪಮಾಪಕದ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯುತ್ತಾರೆ. ಆಗ ಬರುವ ಅಂಕಿಗೆ ಹಸಿತಾಪ ಎಂದು ಹೆಸರು. ಹಸಿತಾಪ ಮೂವತ್ತೊಂದು ದಾಟಿದರೆ ಕಲ್ಲು ಒಡೆಯುವವರು ಕೆಲಸ ಬಿಡಲೇಬೇಕು ಎಂದು ಕಾನೂನು ಬಂತು.

ಕಾನೂನಿನ ಜೊತೆಗೆ ತಂಪುಗವಿಗಳೂ ಬಂದವು. ಕಲ್ಲು ಮುಗಿದ ಹಳೆಯ ಗಣಿಗಳಿಗೆ ಮೇಲೆ ಚಾವಣಿ ಹಾಕಿ, ಒಳಗೆ ತಣ್ಣನೆ ಗಾಳಿ ತುಂಬಿ, ದಪ್ಪ ಬಾಗಿಲು ಮುಚ್ಚಿಡುತ್ತಾರೆ. ತಂಪು ಸೋರಿ ಹೋಗಬಾರದೆಂದು ಆ ಬಾಗಿಲಿಗೆ ಹಿಡಿಕೆಯನ್ನೇ ಇಟ್ಟಿಲ್ಲ. ಹಸಿತಾಪ ಗೆರೆ ದಾಟಿದರೆ ಭೋಂಗಾ, ಅಂದರೆ ಸೈರನ್, ಕೂಗುತ್ತದೆ, ಕಲ್ಲು ಕೊಯ್ಯುವ ಮಷಿನ್‌ಗಳು ತಾವೇ ನಿಲ್ಲುತ್ತವೆ, ಬಾಗಿಲು ತಾನೇ ತೆರೆಯುತ್ತದೆ. ನೂರಾ ನಲವತ್ತು ಗಣಿಗಳ ಭೋಂಗಾಗಳನ್ನು ಕೂಗಿಸುವ ಪ್ರೋಗ್ರಾಂ ತಾಪರಕ್ಷಾ ಕೇಂದ್ರದಲ್ಲಿದೆ. ಅದನ್ನು ಬರೆದವಳು ಜಗದೇವಿ, ಮುಕ್ಕದಮ್ ಮೊಗಲಪ್ಪನ ಮಗಳು. ಅಂದರೆ ನಾನು.

ಮುಕ್ಕದಮ್ ಎಂದರೆ ಗಣಿಯಲ್ಲಿ ಆಳುಗಳ ಮೇಲಿನ ಯಜಮಾನ. ಅಪ್ಪ ಏಳನೇ ಗಣಿಗೆ ಮೂವತ್ತು ವರ್ಷ ಮುಕ್ಕದಮ್ ಆಗಿದ್ದ. ಕಲ್ಲಿನ ಧೂಳು ಎದೆಯಲ್ಲಿ ಕೂತ ಮೇಲೆ ಕೆಲಸ ಬಿಟ್ಟು ನಮ್ಮ ಮನೆಯಲ್ಲೇ ಇದ್ದಾನೆ. ಅವನ ಕೈಕೆಳಗೆ ಬೆಳೆದ ಸಾಬಣ್ಣ ಕಾಕಾ ಆ ಜಾಗಕ್ಕೆ ಬಂದ. ಚಂದಮ್ಮ ಸಾಬಣ್ಣ ಕಾಕಾನ ಹೆಂಡತಿ.

ಪ್ರತಿ ಗಣಿಯಲ್ಲೂ ಹಸಿತಾಪ ಅಳೆಯುವ ಕಂಬ ಇತ್ತು. ಆದರೆ ಗಣಿಯ ಬಿಳಿ ಧೂಳು ಕಂಬದ ಕಣ್ಣುಮೂಗಿಗೆಲ್ಲ ಅಡರಿ, ಈ ಬೇಸಿಗೆಯ ಹೊತ್ತಿಗೆ ಏಳನೇ ಗಣಿಯದು ಕೆಟ್ಟು ಕೂತಿತು. ಹೊಸ ಕಂಬ ಬರುವವರೆಗೆ ಮುಕ್ಕದಮ್‌ನೇ ಗಂಟೆಗೊಮ್ಮೆ ಕೈಯಿಂದ ಅಳೆದು ಅಂಕಿ ಕಳಿಸಬೇಕೆಂದು ತೀರ್ಮಾನವಾಯಿತು. ಅದಕ್ಕೊಂದು ಉಪಕರಣವಿದೆ. ಹಿಡಿಯ ತುದಿಗೆ ಒದ್ದೆ ಬಟ್ಟೆಯ ತಾಪಮಾಪಕ ಕಟ್ಟಿರುತ್ತಾರೆ, ಒಂದು ನಿಮಿಷ ಗರಗರ ತಿರುಗಿಸಿ ಓದಬೇಕು. ಗಣಿಯವರು ಅದನ್ನು ಗಿರಿಗಿಟ್ಲೆ ಎಂದು ಕರೆದರು. ಅದನ್ನು ಬಳಸಲು, ಅಂಕಿಯನ್ನು ಟ್ಯಾಬ್‌ನಲ್ಲಿ ಒತ್ತಲು ಕಲಿಸಿ ಬರಲು ಕಚೇರಿ ನನ್ನನ್ನೇ ಕಳಿಸಿತು.

ನಾನು ಹೋದಾಗ ಚಂದಮ್ಮ ಕಾಕಿ ಉಳಿ ಕೆಳಗಿಟ್ಟು ನಗುತ್ತಾ ಎದ್ದು ಬಂದಳು.

"ನೋಡ್ರೋ, ಸಾಲಿ ಕಲ್ತ ಮಗಳು ಬಂದಾಳ! ನಮ್ಮ ಮುಕ್ಕದಮ್ಮಗ ಕೈ ಹಿಡದು ಅಕ್ಷರ ತಿದ್ದಸ್ತಾಳ."

"ನೀ ಸುಮ್ ಕೂಡು," ಎಂದ ಕಾಕಾ. ಮೂಗಿನ ಮೇಲೆ ಕನ್ನಡಕ ಏರಿಸಿ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಯವ್ವಾ, ಇದರಾಗ ಎಷ್ಟು ಬರ್ತದೋ ಅಷ್ಟು ಒತ್ತಬೇಕು, ಹೌದಲ್ಲ?"

"ಹೌದು ಕಾಕಾ. ನೀವು ಹ್ಯಾಂಗ ಓದ್ತೀರಿ ಹಂಗೇ ಒತ್ರಿ. ಮುಂದಿನದು ಮಷಿನ್ ನೋಡ್ಕೊತದ."

ಈ ಮಾತನ್ನು ನಾನು ಹೇಳಿದ್ದು ಒಂದು ಪರ್ಸಿಕಲ್ಲಿಗೆ ಒರಗಿ ನಿಂತು. ಪರ್ಸಿ ಎಂದರೆ ನೆಲಕ್ಕೆ ಹಾಸುವ ಕಲ್ಲು. ಸುತ್ತಲೂ ನೂರಾರು ಪರ್ಸಿಗಳನ್ನು ಸಾಲಾಗಿ ಒರಗಿಸಿಟ್ಟಿದ್ದರು. ಪ್ರತಿಯೊಂದರ ಮೇಲೂ ಕೆಂಪು ಜಾಜಿನ ಬಣ್ಣದಲ್ಲಿ ಅಳತೆ ಬರೆದಿತ್ತು. 3-6, 2-0, 4-9. ಮೂರು ಅಡಿ ಆರು ಇಂಚು, ಎರಡು ಅಡಿ ಸೊನ್ನೆ, ನಾಲ್ಕು ಅಡಿ ಒಂಬತ್ತು. ನಡುವೆ ಅಡ್ಡಗೆರೆ. ನಾನು ಅಕ್ಷರ ಕಲಿಯುವ ಮೊದಲು ಆ ಅಡ್ಡಗೆರೆ ಕಲಿತವಳು. ಅಪ್ಪ ನನ್ನ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಬರೆಯುತ್ತಿದ್ದದ್ದೂ ಹಾಗೆಯೇ. ಆವತ್ತು ನನಗೆ ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕಾಕಿ ಕೊಟ್ಟ ಮಜ್ಜಿಗೆ ಕುಡಿದು ಅರ್ಧ ಗಂಟೆಯಲ್ಲಿ ಕಲಿಸುವುದು ಮುಗಿಸಿ ಹೊರಟೆ.

ಕೇಂದ್ರದ ದೊಡ್ಡ ಕೋಣೆಯಲ್ಲಿ ಗೋಡೆ ತುಂಬ ನೂರಾ ನಲವತ್ತು ದೀಪಗಳಿದ್ದವು. ಹಸಿರು ಎಂದರೆ ಕ್ಷೇಮ, ಕೆಂಪು ಎಂದರೆ ಭೋಂಗಾ ಕೂಗುತ್ತಿದೆ ಎಂದರ್ಥ. ಮೊದಲು ದೀಪದ ಪಕ್ಕದಲ್ಲಿ ಅಂಕಿಯೂ ಇತ್ತು. ನೋಡಲು ಗಜಿಬಿಜಿ ಆಗುತ್ತದೆ ಎಂದು ನಮ್ಮ ಮುಖ್ಯಸ್ಥರಾದ ದೇಶಮುಖ ಸರ್ ಹೇಳಿದರು. ನನಗೂ ಹೌದೆನಿಸಿ ತೆಗೆದುಹಾಕಿದೆ. ಬರೀ ಬಣ್ಣ ಉಳಿಯಿತು. ಬಂದ ಅತಿಥಿಗಳೆಲ್ಲ ಗೋಡೆ ಚೆಂದ ಇದೆ ಎನ್ನುತ್ತಿದ್ದರು.

ಆ ದಿನ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಫೋನು ಬಂತು. ಸಾಬಣ್ಣ ಕಾಕಾ.

"ಯವ್ವಾ, ನಮ್ಮದು ಹಸಿರೇ ಅದ ಏನು?"

ನಾನು ತಲೆ ಎತ್ತಿ ನೋಡಿದೆ. ಏಳನೆಯದು ಹಸಿರು. "ಹಸಿರೇ ಅದ ಕಾಕಾ."

"ಇಲ್ಲಿ ಬೆವರು ಆರವಲ್ದು. ನಿಮ್ಮ ಕಾಕಿಗೆ ತಲಿ ತಿರಗ್ಲಾಕತ್ತದಂತ."

"ಮಷಿನ್ ಹಸಿರು ತೋರಸ್ಲಾಕತ್ತದ ಕಾಕಾ. ಗೆರಿ ದಾಟಿದ್ರ ತಾನೇ ಕೂಗ್ತದ. ಆಕಿಗೆ ಒಂಚೂರು ನೀರು ಕೊಡ್ರಿ."

"ಹಂಗಾದ್ರ ಆಯ್ತು ಬಿಡು. ನಿಮ್ಮ ಮಷಿನ್‌ಗೆ ನಮಗಿಂತ ಹೆಚ್ಚು ಗೊತ್ತಿರ್ತದ," ಎಂದು ಅವನು ಫೋನ್ ಇಟ್ಟ.

ಗಿರಿಗಿಟ್ಲೆ ಎಷ್ಟು ತೋರಿಸಿತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಹೇಳಿದ್ದರೆ ಒಂದು ಗುಂಡಿ ಒತ್ತಿ ಭೋಂಗಾವನ್ನು ನಾನೇ ಕೂಗಿಸಬಹುದಿತ್ತು, ಆ ಅಧಿಕಾರ ನನಗಿತ್ತು. ಎರಡು ಗಂಟೆಗೆ ಚಂದಮ್ಮ ಕಾಕಿ ಕೂತಲ್ಲೇ ವಾಲಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಮಣ್ಣಿಗೆ ನಾನೂ ಹೋಗಿದ್ದೆ. ಮೂರನೆಯ ದಿನ ವಿಚಾರಣೆ ಶುರುವಾಯಿತು. ವಿಚಾರಣಾಧಿಕಾರಿಯಾಗಿ ಬಂದಾಕೆ ಕಡಿಮೆ ಮಾತಿನ ಹೆಂಗಸು. ಏಳನೇ ಗಣಿಯ ದಾಖಲೆ ತೆಗೆಯಿರಿ ಎಂದರು. ತೆಗೆದೆ. ಹನ್ನೊಂದು ದಿನದ ಪಟ್ಟಿ ಖಾಲಿ. ಗಂಟೆ ಇದೆ, ಮುಂದೆ ಅಂಕಿ ಇಲ್ಲ.

"ಅಂದರೆ ಮುಕ್ಕದಮ್ ಒಂದು ಸಲವೂ ಅಳತೆ ಕಳಿಸಿಲ್ಲ," ಎಂದರು ದೇಶಮುಖ ಸರ್.

ಸಾಬಣ್ಣ ಕಾಕಾ ಎದ್ದು ನಿಂತ. "ದಿನಾ ಒತ್ತೀನ್ರಿ. ತಾಸಿಗೊಮ್ಮೆ ಒತ್ತೀನಿ."

"ದಾಖಲೆಯಲ್ಲಿ ಇದೆಯಾ?" ಅಧಿಕಾರಿ ನನ್ನನ್ನು ಕೇಳಿದರು.

"ಇಲ್ಲ, ದಾಖಲೆ ಖಾಲಿ ಇದೆ," ಎಂದೆ. ನನಗೂ ಅವನು ಒತ್ತಿಲ್ಲ ಎಂದೇ ಅನ್ನಿಸಿತ್ತು. ವಯಸ್ಸಾಗಿದೆ, ಟ್ಯಾಬ್ ಹೊಸದು, ಮರೆತಿರಬೇಕು, ಪಾಪ ಎಂದುಕೊಂಡೆ. ಆ ಪಾಪ ಎನ್ನುವ ಮಾತು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಅವನ ಮೇಲೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಮೊಕದ್ದಮೆ ಹಾಕುವುದೆಂದು ಮಾತಾಯಿತು. ಮುಂದಿನ ತಿಂಗಳು ಹದಿನೆಂಟಕ್ಕೆ ಕೊನೆಯ ವಿಚಾರಣೆ. ಅದೇ ಗಣಿಯಲ್ಲಿ ಕೆಲಸ ಮಾಡುವ ಅವನ ಮಗ ಮಲ್ಲೇಶಿ ಆವತ್ತು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಅಪ್ಪನನ್ನು ಬಿಟ್ಟು ಒಬ್ಬನೇ ನಡೆದುಹೋದ.

ಇದಾಗಿ ಹತ್ತು ದಿನಕ್ಕೆ ನನ್ನ ಮಗಳು ಸಂಪದಾಗೆ ಜ್ವರ ಬಂತು. ನನ್ನ ಗಂಡ ಗುರುಪಾದನಿಗೆ ಸೌರಗದ್ದೆಯಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ನಾನು ಕಚೇರಿಗೆ ಹೋದರೆ ಮಗುವನ್ನು ನೋಡುವವನು ಅಪ್ಪ. ಡಾಕ್ಟರು ಮೂರು ತಾಸಿಗೊಮ್ಮೆ ಜ್ವರ ಬರೆದಿಡಿ ಎಂದಿದ್ದರು. ಮರುದಿನ ಬೆಳಿಗ್ಗೆ ಚಹಾಕ್ಕಿಟ್ಟು, ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿದೆ. ಅಪ್ಪ ಪೆನ್ಸಿಲ್‌ನಲ್ಲಿ ಬರೆದಿದ್ದ. 100-2. 101-4. 99-8.

"ಅಪ್ಪಾ, ಇದೇನು?"

"ಜ್ವರ. ನೂರಾ ಒಂದು ನಾಕು. ಯಾಕ, ತಿಳೀಲಿಲ್ಲೇನು?"

"ನಡುವ ಗೆರಿ ಯಾಕ ಹಾಕೀದಿ?"

ಅಪ್ಪ ಕೆಮ್ಮುತ್ತಾ ನನ್ನನ್ನೇ ನೋಡಿದ. "ಮತ್ತ ಹ್ಯಾಂಗ ಬರೀಬೇಕು? ಚುಕ್ಕಿ ಇಟ್ರ ಧೂಳಾಗ ಕಾಣ್ತದೇನು? ಗಣ್ಯಾಗ ಎಲ್ಲಾರೂ ಹಿಂಗೇ ಬರೀತೀವಿ. ನಿನಗ ಗೊತ್ತಿಲ್ಲೇನು?"

ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು. ನಾನು ಒಲೆ ಆರಿಸಿ, ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನನ್ನ ಪ್ರೋಗ್ರಾಂ ತೆರೆದೆ. ಅದು ಜಾವಾಸ್ಕ್ರಿಪ್ಟ್ ಎಂಬ ಹಳೆಯ ಭಾಷೆಯದು. ಎಷ್ಟು ಹೊಸ ಭಾಷೆ ಬಂದರೂ ಸರ್ಕಾರಿ ಕಚೇರಿಗಳಲ್ಲಿ ಅದೊಂದು ಸತ್ತಿಲ್ಲ. 33-5 ಎಂದು ಒತ್ತಿದೆ. ಪರದೆಯ ಮೇಲಿನ ದೀಪ ಹಸಿರಾಗಿಯೇ ಇತ್ತು. ದಾಖಲೆ ಖಾಲಿ ಬಂತು. 40-5 ಒತ್ತಿದೆ. ಹಸಿರು. 90-0 ಒತ್ತಿದೆ. ಅಷ್ಟು ಹಸಿತಾಪಕ್ಕೆ ಕಲ್ಲಿನ ಹೊರತು ಏನೂ ಉಳಿಯಲಾರದು. ಆಗಲೂ ಹಸಿರು.

ಏನಾಯಿತೆಂದು ಹೇಳುವುದು ಕಷ್ಟವಲ್ಲ. ಟ್ಯಾಬ್‌ನಲ್ಲಿ ಒತ್ತಿದ್ದು ಯಂತ್ರಕ್ಕೆ ಮೊದಲು ಬರೀ ಅಕ್ಷರಗಳಾಗಿ ಸಿಗುತ್ತದೆ. ಅದನ್ನು ಲೆಕ್ಕ ಮಾಡಲು ಬರುವ ಸಂಖ್ಯೆಯಾಗಿ ಬದಲಿಸಬೇಕು. 33.5 ಎಂದು ಚುಕ್ಕಿ ಇಟ್ಟರೆ ಬದಲಾಗುತ್ತದೆ. ನಡುವೆ ಅಡ್ಡಗೆರೆ ಇದ್ದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ಆಗ ಜಾವಾಸ್ಕ್ರಿಪ್ಟ್ ತಪ್ಪಾಯಿತು ಎಂದು ಕೂಗಿ ನಿಲ್ಲುವುದಿಲ್ಲ. 'ಇದು ಸಂಖ್ಯೆಯಲ್ಲ' ಎಂಬ ಚೀಟಿಯೊಂದನ್ನು ಸಂಖ್ಯೆಯ ಜಾಗದಲ್ಲಿ ಸದ್ದಿಲ್ಲದೆ ಇಟ್ಟು ಮುಂದೆ ಹೋಗುತ್ತದೆ. ನಾವು ಅದಕ್ಕೆ ನ್ಯಾನ್ ಎನ್ನುತ್ತೇವೆ. ದಾಖಲೆಗೆ ಬರೆಯುವಾಗ ಆ ಜಾಗ ಖಾಲಿ ಬೀಳುತ್ತದೆ. ಈ ನ್ಯಾನ್ ಮೂವತ್ತೊಂದಕ್ಕಿಂತ ಹೆಚ್ಚೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಕಡಿಮೆಯೇ ಎಂದರೂ ಅಲ್ಲ ಎನ್ನುತ್ತದೆ. ನಾನು ಬರೆದದ್ದು 'ಮೂವತ್ತೊಂದಕ್ಕಿಂತ ಹೆಚ್ಚಿದ್ದರೆ ಕೂಗು' ಎಂದು. ಅಲ್ಲ ಎಂದಿತು, ಕೂಗಲಿಲ್ಲ. ಅದನ್ನೇ ತಿರುಗಿಸಿ 'ಕಡಿಮೆ ಇದ್ದರೆ ಸುಮ್ಮನಿರು, ಇಲ್ಲದಿದ್ದರೆ ಕೂಗು' ಎಂದು ಬರೆದಿದ್ದರೆ ಮೊದಲನೆಯ ದಿನವೇ ಭೋಂಗಾ ಊರೆಲ್ಲ ಕೇಳುವಂತೆ ಕೂಗುತ್ತಿತ್ತು. ತಪ್ಪು ಆಗಲೇ ತಿಳಿಯುತ್ತಿತ್ತು. ಚಂದಮ್ಮ ಕಾಕಿ ಈಗಲೂ ಕಲ್ಲು ಕೆತ್ತುತ್ತಾ ಯಾರನ್ನೋ ಕಾಡಿಸುತ್ತಿರುತ್ತಿದ್ದಳು.

ಇಷ್ಟೇ ಆಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಆದರೆ ನಾನು ಅದಕ್ಕೊಂದು ಕಾವಲು ಸಾಲನ್ನೂ ಬರೆದಿದ್ದೆ. ಬಂದದ್ದು ನ್ಯಾನ್‌ಗೆ ಸಮವಾಗಿದ್ದರೆ ಭೋಂಗಾ ಕೂಗಿಸು ಎಂದು. ಓದಿದರೆ ಬಹಳ ಸರಿಯಾಗಿ ಕಾಣುವ ಸಾಲು. ಆದರೆ ನ್ಯಾನ್ ಯಾವುದಕ್ಕೂ ಸಮವಲ್ಲ, ಇನ್ನೊಂದು ನ್ಯಾನ್‌ಗೂ ಸಮವಲ್ಲ, ತನಗೆ ತಾನೇ ಸಮವಲ್ಲ. ಅದನ್ನು ಹಿಡಿಯಲು ಬೇರೆ ಪದವಿದೆ, ಕಲಿಯುವವರು ಮೊದಲನೆಯ ವರ್ಷವೇ ಅದನ್ನು ಓದುತ್ತಾರೆ. ನನ್ನ ಸಾಲು ಎಂದೂ ಹೌದಾಗಲಾರದ ಪ್ರಶ್ನೆ ಕೇಳುತ್ತಾ ಎರಡು ವರ್ಷ ಅಲ್ಲಿ ಕಾವಲು ನಿಂತಿತ್ತು.

ಅದನ್ನು ಪರೀಕ್ಷಿಸಿ ನೋಡಬೇಕಿತ್ತು. ಇನ್ನೂರಾ ಹದಿನಾಲ್ಕು ಪರೀಕ್ಷೆಗಳ ಪಟ್ಟಿಯಲ್ಲಿ ಎಂಬತ್ತೇಳನೆಯದು ಇದೇ. 'ಸಂಖ್ಯೆಯಲ್ಲದ್ದನ್ನು ಒತ್ತಿ, ಭೋಂಗಾ ಕೂಗುವುದನ್ನು ಕಿವಿಯಾರೆ ಕೇಳಿ ಸಹಿ ಹಾಕುವುದು.' ಪಟ್ಟಿ ತೆರೆದೆ. ಎಂಬತ್ತೇಳರ ಮುಂದೆ ನನ್ನ ಸಹಿ ಇತ್ತು. ಆ ಸಂಜೆ ನೆನಪಿದೆ. ಕೊನೆಯ ತಂಪು ಬಸ್ಸಿಗೆ ಹತ್ತು ನಿಮಿಷ ಉಳಿದಿತ್ತು. ಇನ್ನೂರಾ ಹದಿಮೂರು ಮುಗಿದಿದ್ದವು. ಭೋಂಗಾ ಕೂಗಿಸಬೇಕೆಂದರೆ ಕೆಳಗಿನ ಅಂಗಳಕ್ಕೆ ಇಳಿದು ಬೀಗ ತೆಗೆಸಬೇಕು. ಸಾಲು ನೋಡಿದೆ, ಸರಿಯಾಗಿದೆ ಎನಿಸಿತು, ಸಹಿ ಹಾಕಿ ಬಸ್ಸು ಹಿಡಿದೆ. ಆ ದಿನ ಮನೆಯಲ್ಲಿ ಅಂಥ ಅರ್ಜೆಂಟು ಏನೂ ಇರಲಿಲ್ಲ. ಬಸ್ಸು ತಪ್ಪಿದ್ದರೆ ಕಚೇರಿಯಲ್ಲೇ ಮಲಗಬೇಕಾಗುತ್ತಿತ್ತು, ಅಷ್ಟೆ.

ಅದೇ ದಿನ ಸಾಲು ಸರಿ ಮಾಡಿದೆ. ಏನೇ ತಿಳಿಯದಿದ್ದರೂ ಕೂಗು ಎಂದು ಬರೆದು, ಅಂಗಳಕ್ಕೆ ಇಳಿದು, ಬೀಗ ತೆಗೆಸಿ, ಕಿವಿಯಾರೆ ಕೇಳಿ, ಆಮೇಲೆ ದೇಶಮುಖ ಸರ್ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋದರು.

"ಸರಿ ಮಾಡಿದ್ಯಲ್ಲ?"

"ಮಾಡೀನ್ರಿ."

"ಹಂಗಿದ್ರ ಅಷ್ಟಕ್ಕೇ ಬಿಡು ಜಗದೇವಿ. ನಾ ಕುರ್ಚಿ ಉಳಸ್ಕೊಳ್ಲಿಕ್ಕೆ ಹೇಳ್ಲಾಕತ್ತೀನಿ ಅನ್ಕೋಬ್ಯಾಡ. ಈ ಭೋಂಗಾ ಕೂಗಿದ್ರ ಮೂವತ್ತು ಸಾವಿರ ಮಂದಿ ಕೈಯಾಗಿನ ಕೆಲಸ ಬಿಟ್ಟು ಓಡ್ತಾರ. ಯಾಕ? ನಂಬ್ಯಾರ. ನಾಳೆ ಅದು ಸುಳ್ಳ ಹೇಳ್ತದ ಅಂತ ಸುದ್ದಿ ಆದ್ರ ಯಾರು ಓಡ್ತಾರ? ಒಂದು ಜೀವದ ಸಲುವಾಗಿ ಎಷ್ಟು ಜೀವ ಕಳೀತಿ?"

ಮಾತಿನಲ್ಲಿ ತೂಕವಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ನನಗೆ ಬೇಕಾದ ಮಾತಾಗಿತ್ತು. ಊರಿನ ಹಿತಕ್ಕಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂಬತ್ತು ದಿನ ಹೇಳಿಕೊಂಡೆ. ಆ ಒಂಬತ್ತು ದಿನವೂ ಊಟ ಮಾಡಿದೆ, ಮಗಳ ತಲೆ ಬಾಚಿದೆ, ಕಚೇರಿಯಲ್ಲಿ ಹಸಿರು ದೀಪಗಳ ಕೆಳಗೆ ಕೂತೆ. ಎಂಬತ್ತೇಳನೆಯ ಸಹಿಯ ಮಾತನ್ನು ಯಾರ ಮುಂದೂ ಎತ್ತಲಿಲ್ಲ. ಊರಿನ ಹಿತಕ್ಕೂ ಆ ಸಹಿಗೂ ಸಂಬಂಧವಿಲ್ಲ ಎಂದು ಒಳಗೆ ಗೊತ್ತಿತ್ತು.

ಹತ್ತನೆಯ ದಿನ ರವಿವಾರ. ಸಾಬಣ್ಣ ಕಾಕಾ ಅಪ್ಪನನ್ನು ನೋಡಲು ಮನೆಗೆ ಬಂದ. ಹೆಗಲ ಮೇಲಿನ ಟವೆಲು ತೆಗೆದು ಹೊಸ್ತಿಲ ಹತ್ತಿರವೇ ಕೂತ. ಮೂರು ವಾರದಲ್ಲಿ ಮನುಷ್ಯ ಅರ್ಧ ಆಗಿದ್ದ. ನಾನು ಚಹಾ ತಂದಿಟ್ಟೆ. ಅವನು ಕಪ್ಪು ಮುಟ್ಟಲಿಲ್ಲ.

"ಮೊಗಲಪ್ಪಣ್ಣ, ಒಂದು ಕೇಳ್ತೀನಿ. ಮನುಷ್ಯಾ ಮಾಡದ ಕೆಲಸ ಮಾಡೀನಿ ಅಂತ ಅವನಿಗೇ ಅನಸ್ತದೇನು?"

"ಯಾಕ ಹಿಂಗ ಕೇಳ್ತಿ?" ಎಂದ ಅಪ್ಪ.

"ನಾ ತಾಸಿಗೊಮ್ಮೆ ಒತ್ತಿದ್ದು ನನ್ನ ಕಣ್ಣ ಮುಂದ ಅದ. ಆವತ್ತು ಮೂವತ್ಮೂರು ಐದು ಬಂದಿತ್ತು, ಅದೂ ನೆನಪದ. ಆದ್ರ ಹನ್ನೊಂದು ದಿನ ಒಂದೂ ಇಲ್ಲ ಅಂತಾರ. ಮಷಿನ್ ಯಾಕ ಸುಳ್ಳ ಹೇಳ್ತದ? ನಂದೇ ತಲಿ ಕೆಟ್ಟದ. ಒತ್ತೀನಿ ಅಂತ ಅನ್ಕೊಂಡು ಒತ್ತೇ ಇಲ್ಲ. ಆಕಿನ್ನ ನಾನೇ ಕೊಂದೆ." ಅವನು ತನ್ನ ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದ. "ಮಲ್ಲೇಶಿ ಮನ್ಯಾಗ ಉಣ್ಣವಲ್ಲ. ನನ್ನ ಮಾರಿ ನೋಡವಲ್ಲ. ಹದಿನೆಂಟಕ್ಕ ಹೋಗಿ, ನಾ ಒತ್ತಿಲ್ರಿ, ತಪ್ಪು ನಂದೇ ಅಂತ ಬರದು ಕೊಟ್ಟುಬಿಡ್ತೀನಿ."

ಇನ್ನು ನನ್ನಿಂದ ಆಗಲಿಲ್ಲ. ಅವನೆದುರು ನೆಲದ ಮೇಲೆ ಕೂತೆ.

"ನೀವು ಒತ್ತೀರಿ ಕಾಕಾ."

ಅವನು ತಲೆ ಎತ್ತಿದ.

"ತಾಸಿಗೊಮ್ಮೆ ಒತ್ತೀರಿ. ಖರೇನೇ ಒತ್ತೀರಿ. ನಡುವ ಅಡ್ಡಗೆರಿ ಹಾಕಿದ್ರಿ, ಅದು ನಾ ಬರದ ಪ್ರೋಗ್ರಾಂಗ ತಿಳೀಲಿಲ್ಲ. ತಿಳೀದಿದ್ರೂ ಕೂಗಬೇಕಿತ್ತು. ಕೂಗ್ಲಿಲ್ಲ. ನಾ ಬರದದ್ದು ತಪ್ಪಿತ್ತು. ಹ್ಯಾಂಗ ಓದ್ತೀರಿ ಹಂಗೇ ಒತ್ರಿ ಅಂತ ಹೇಳದಾಕಿನೂ ನಾನೇ."

"ನಿನಗ ಗೊತ್ತಿರ್ಲಿಲ್ಲ ಯವ್ವಾ," ಎಂದ ಅವನು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನೇ ಬಾಗಿಲು ತೆರೆದು ಕೊಟ್ಟಿದ್ದ. "ಗೊತ್ತಾಗ್ತಿತ್ತು ಕಾಕಾ. ಒಮ್ಮೆ ಒತ್ತಿ ನೋಡಬೇಕಂತ ನೇಮ ಅದ. ನೋಡಲಾರದೇ ನೋಡೀನಿ ಅಂತ ಸಹಿ ಹಾಕೀನಿ. ಬಸ್ಸಿಗೆ ಹೊತ್ತಾಗಿತ್ತು. ಮತ್ತ ಇದೆಲ್ಲ ತಿಳದು ಹತ್ತು ದಿನಾತು. ಹೇಳಿಲ್ಲ."

ಅಪ್ಪನ ಕೆಮ್ಮು ನಿಂತಿತು. ಒಳಗೆ ಸಂಪದಾ ಮಗ್ಗಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಸಾಬಣ್ಣ ಕಾಕಾ ಬೈಯುತ್ತಾನೆ, ಎದ್ದು ಬಂದು ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು.

"ನಾ ಒತ್ತಿದ್ದೆ, ಹೌದಲ್ಲ?" ಎಂದು ಮಾತ್ರ ಕೇಳಿದ.

"ಒತ್ತಿದ್ರಿ."

"ಹನ್ನೊಂದೂ ದಿನ?"

"ಹನ್ನೊಂದೂ ದಿನ ಕಾಕಾ."

ಅವನು ಟವೆಲಿನಿಂದ ಮುಖ ಮುಚ್ಚಿಕೊಂಡ. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿ, ನನ್ನ ಕಡೆ ನೋಡದೆ ಹೊರಟುಹೋದ. ಅಪ್ಪ ನನ್ನನ್ನು ನೋಡಿ, "ನನ್ನ ಹೊಟ್ಯಾಗ ಹುಟ್ಟಿ ಅಡ್ಡಗೆರಿ ಮರತಿ," ಎಂದ. ಆಮೇಲೆ ನಾಲ್ಕು ದಿನ ನನ್ನ ಕೂಡ ಮಾತಾಡಲಿಲ್ಲ.

ಮರುದಿನ ನಾಲ್ಕು ಹಾಳೆ ಬರೆದು, ಎಂಬತ್ತೇಳನೆಯ ಸಹಿಯ ನಕಲು ಲಗತ್ತಿಸಿ, ವಿಚಾರಣಾಧಿಕಾರಿಗೆ ನೇರವಾಗಿ ಕೊಟ್ಟೆ. ಆಕೆ ಅಲ್ಲೇ ನಿಂತು ಪೂರ್ತಿ ಓದಿದರು. "ಇದನ್ನು ಮಾಡಿ ತೋರಿಸಬಲ್ಲಿರಾ?" ಎಂದರು. ತೋರಿಸುತ್ತೇನೆ, ಆದರೆ ಕಚೇರಿಯಲ್ಲಿ ಬೇಡ, ಏಳನೇ ಗಣಿಯಲ್ಲಿ, ಎಲ್ಲರ ಮುಂದೆ ಎಂದೆ. ದೇಶಮುಖ ಸರ್ ಈ ಮಾತಿಗೆ ತಲೆ ತಗ್ಗಿಸಿದರು, ಬೇಡವೆನ್ನಲಿಲ್ಲ.

ಹದಿನೆಂಟನೆಯ ತಾರೀಖು ಮಧ್ಯಾಹ್ನ ನಾವೆಲ್ಲ ಗಣಿಗೆ ಹೋದೆವು. ಹಸಿತಾಪ ಇಪ್ಪತ್ತೆಂಟಿತ್ತು, ಸಹಿಸುವಂಥ ದಿನ. ಸುಮಾರು ಅರವತ್ತು ಆಳುಗಳು ಕೆಲಸದಲ್ಲಿದ್ದರು. ಸಾಬಣ್ಣ ಕಾಕಾನನ್ನೂ ಕರೆಸಿದ್ದರು. ಮಲ್ಲೇಶಿ ದೂರದಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ. ಚಂದಮ್ಮ ಕಾಕಿ ಕೂರುತ್ತಿದ್ದ ಜಾಗದಲ್ಲಿ ಅರ್ಧ ಕೆತ್ತಿದ ಪರ್ಸಿ ಹಾಗೆಯೇ ಇತ್ತು. ಅದರ ಮೇಲೆ ಅವಳ ಕೈಯ 2-6 ಇತ್ತು.

ನನ್ನ ಲ್ಯಾಪ್‌ಟಾಪ್‌ನಿಂದ ಏಳನೇ ಗಣಿಗೆ ಮೊದಲು ಹಳೆಯ ಪ್ರೋಗ್ರಾಂ ಹಾಕಿದೆ. "ಕಾಕಾ, ಆವತ್ತಿನದು ಒತ್ರಿ," ಎಂದೆ.

ಅವನು ಕನ್ನಡಕ ಏರಿಸಿದ. ತೋರುಬೆರಳಿನಿಂದ ನಿಧಾನವಾಗಿ, ಒಂದೊಂದನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಾ ಒತ್ತಿದ. ಮೂರು. ಮೂರು. ಗೆರಿ. ಐದು. ಎಲ್ಲರೂ ಭೋಂಗಾದ ಕಡೆ ನೋಡಿದರು. ಏನೂ ಆಗಲಿಲ್ಲ. ಲ್ಯಾಪ್‌ಟಾಪಿನ ಪರದೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅಧಿಕಾರಿ ಬರೆದುಕೊಂಡರು. ಮಲ್ಲೇಶಿ ಸುತ್ತಿಗೆ ಕೆಳಗಿಟ್ಟು ನಾಲ್ಕು ಹೆಜ್ಜೆ ಹತ್ತಿರ ಬಂದ.

"ಈಗ ಹೊಸದು," ಎಂದು ಬದಲಿಸಿದೆ. "ಅದನ್ನೇ ಒತ್ರಿ ಕಾಕಾ. ಗೆರಿ ಹಾಕ್ರಿ."

ಅವನು ಒತ್ತಿದ.

ಭೋಂಗಾ ಕೂಗಿತು. ಕಲ್ಲು ಕೊಯ್ಯುವ ಮಷಿನ್‌ಗಳು ಒಂದರ ಹಿಂದೆ ಒಂದು ನಿಂತವು. ಇದು ಪರೀಕ್ಷೆ ಎಂದು ಎಲ್ಲರಿಗೂ ಮೊದಲೇ ಹೇಳಿದ್ದೆವು. ಆದರೂ ಆ ಸದ್ದಿಗೆ ಜನ ಉಳಿ ಸುತ್ತಿಗೆ ಬಿಟ್ಟು, ಸೆರಗು ಕಟ್ಟಿಕೊಂಡು, ಒಬ್ಬರನ್ನೊಬ್ಬರು ಕರೆಯುತ್ತಾ ತಂಪುಗವಿಯ ಕಡೆ ನಡೆದರು. ದಪ್ಪ ಬಾಗಿಲು ಎರಡೂ ಕಡೆ ಸರಿಯಿತು. ತಣ್ಣನೆ ಗಾಳಿ ನಮ್ಮ ಕಾಲಿನವರೆಗೂ ಬಂತು.

ಸಾಬಣ್ಣ ಕಾಕಾ ಹೋಗಲಿಲ್ಲ. ಟ್ಯಾಬನ್ನು ನನ್ನ ಕೈಗೆ ಕೊಟ್ಟು, ಅರ್ಧ ಕೆತ್ತಿದ ಪರ್ಸಿಯ ಹತ್ತಿರ ಹೋಗಿ ನಿಂತ. ಅಲ್ಲಿಂದ ಗವಿಯ ಬಾಗಿಲಿನವರೆಗೆ ಹೆಜ್ಜೆ ಹಾಕಿದ. ಹಾಕುತ್ತಾ ಎಣಿಸಿದ. ಹನ್ನೆರಡು ಹೆಜ್ಜೆ. ತೆರೆದ ಬಾಗಿಲ ಮುಂದೆ ನಿಂತು ಹಿಂದಕ್ಕೆ ತಿರುಗಿ ನೋಡಿದ.

"ಇಷ್ಟೇ ಇತ್ತೇನು?" ಎಂದ.

ಮಲ್ಲೇಶಿ ಹೋಗಿ ತನ್ನ ಅಪ್ಪನ ಪಕ್ಕ ನಿಂತ. ಆಮೇಲೆ ತನ್ನ ಟವೆಲು ತೆಗೆದು ಅವನ ತಲೆಯ ಮೇಲೆ ಹಾಕಿ, "ನಡಿ ಅಪ್ಪಾ, ಮನಿಗೆ ಹೋಗಮು," ಎಂದ. ಭೋಂಗಾ ಇನ್ನೂ ಕೂಗುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕಾದವಳು ನಾನು. ನಿಲ್ಲಿಸಲಿಲ್ಲ. ನಾನು ಎರಡು ವರ್ಷದ ಹಿಂದೆ ಕೇಳಬೇಕಾಗಿದ್ದ ಸದ್ದು ಅದು. ಬಿಸಿಲಲ್ಲೇ ನಿಂತು ಕೇಳುತ್ತಾ ಅತ್ತುಬಿಟ್ಟೆ.

ಅಪ್ಪ ಮಗ ನನ್ನ ಮುಂದೆಯೇ ಹಾದುಹೋದರು. ಕಾಕಾ ಒಂದು ಗಳಿಗೆ ನಿಂತ. ಆ ರವಿವಾರದ ಮೇಲೆ ಮೊದಲ ಸಲ ನನ್ನ ಮುಖ ನೋಡಿದ. ಕ್ಷಮಿಸಿದ್ದೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

"ಒಳಗ ಹೋಗು ಯವ್ವಾ," ಎಂದ. "ಬಿಸಿಲದ."

ಅವರಿಬ್ಬರೂ ಗಣಿಯ ದಾರಿ ಹತ್ತಿ ಕಣ್ಣಿಗೆ ಮರೆಯಾಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಹನ್ನೆರಡು ಹೆಜ್ಜೆ ಆಚೆ ಬಾಗಿಲು ತೆರೆದೇ ಇತ್ತು. ನಾನು ಒಳಗೆ ಹೋಗಲಿಲ್ಲ.